ತ್ರಿಕೋನಮಿತಿಯ ದಾನಿಗಳು

ವಿಶ್ವವಿದ್ಯಾಲಯದ ವಿದ್ಯಾದಾನ ವಿಭಾಗದ ಗುಮಾಸ್ತೆ ನೀಲಾಂಬಿಕೆಗೆ ಬೆಳಗಿನಿಂದ ಇದು ನಾಲ್ಕನೆಯ ತಲೆನೋವು. ನಿವೃತ್ತರಾದ ಬಸಲಿಂಗಯ್ಯ ಮಾಸ್ತರರು ತಮ್ಮ ತಲೆಯಲ್ಲಿದ್ದ ತ್ರಿಕೋನಮಿತಿಯನ್ನೆಲ್ಲ ಬಡ ವಿದ್ಯಾರ್ಥಿಯೊಬ್ಬರ ತಲೆಗೆ ದಾನ ಕೊಡಲು ಬಂದಿದ್ದರು. ಕೊಡುವುದರಲ್ಲಿ ತಕರಾರಿರಲಿಲ್ಲ, ತಕರಾರೆಲ್ಲ ಅದರ ಮೇಲೆ ಹೆಸರು ಹಾಕಿಸುವುದರಲ್ಲಿತ್ತು.

“ನಮ್ಮಪ್ಪಂದು, ನಮ್ಮವ್ವಂದು, ನಂದು. ಮೂರ ಹೆಸರು, ತಂಗಿ. ಮಠಕ್ಕ ಫ್ಯಾನ್ ಕೊಟ್ಟಾಗ ಮೂರೂ ರೆಕ್ಕಿ ಮ್ಯಾಲೆ ಬರಸೀನಿ.”

“ಫ್ಯಾನ್ ಪರೀಕ್ಷಾ ಬರಿಯೂದಿಲ್ರೀ ಸರ!” ನೀಲಾಂಬಿಕೆ ಸಿಡುಕಿದಳು. “ಹೋದ ವರ್ಷ ಹೆಸರು ಹಾಕಿದ್ದ ವಿದ್ಯಾ ತಗೊಂಡ ಒಬ್ಬಾಕಿಗೆ ಲೆಕ್ಕಕ್ಕಿಂತ ಮೊದ್ಲು ದಾನಿಗಳ ವಂಶಾವಳಿನೇ ನೆನಪಾತು. ಪಾಪ, ಉತ್ತರಪತ್ರಿಕಿ ತುಂಬ ಅದನ್ನೇ ಬರದು ಫೇಲಾದ್ಲು. ಈಗ ಹೆಸರು ಹಾಕೂದು ಬಂದ್.”

ಮಾಸ್ತರರಿಗೆ ಸಿಟ್ಟು ಬಂತು. ತಾವು ಕೊಡುತ್ತಿರುವುದು ಎಂಥ ಮಾಲೆಂದು ಇವಳಿಗೆ ಗೊತ್ತಾಗಲಿ ಎಂದು ಅಲ್ಲಿದ್ದ ಕರಿಹಲಗೆಯ ತುಂಬ ಒಂದು ಕಠಿಣ ಲೆಕ್ಕವನ್ನು ಬಿಡಿಸಿಟ್ಟರು. ಆಮೇಲೆ ಗೊಣಗುತ್ತಲೇ ಕುರ್ಚಿಯಲ್ಲಿ ಕುಳಿತು, ವಿದ್ಯೆ ತೆಗೆಯುವ ಟೊಪ್ಪಿಗೆಗೆ ತಲೆಯೊಡ್ಡಿದರು. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು.

ಎದ್ದು ಹೊರಟವರು ಕರಿಹಲಗೆಯ ಮುಂದೆ ನಿಂತುಬಿಟ್ಟರು. ಅವರ ಬೆರಳಿಗೆ ಇನ್ನೂ ಸೀಮೆಸುಣ್ಣದ ಪುಡಿ ಅಂಟಿತ್ತು.

“ಏನ್ ಛಂದ ಬರದಾರ ನೋಡ,” ಅಂದರು. “ಯಾವ ಮಾಸ್ತರ್ರು, ತಂಗಿ?”

ನೀಲಾಂಬಿಕೆ, “ಈ ದಾನಿಗಳ ಕಾಟ ಸಾಕಪ್ಪಾ ಸಾಕು,” ಎಂದು ಬೈದುಕೊಳ್ಳುತ್ತ, ನಿಯಮ ಬರೆದಿದ್ದ ಫಲಕಕ್ಕೆ ಬೆನ್ನು ತಿರುಗಿಸಿ, ಆ ತ್ರಿಕೋನಮಿತಿಯ ಮೇಲೆ ಒಂದೇ ಒಂದು ಹೆಸರು ಹಾಕಿದಳು: ಬಸಲಿಂಗಯ್ಯ ಮಾಸ್ತರರು.