ಮುಚ್ಚಳವಿಲ್ಲದ ಕೆಲಸ

ಕೆಲಸದ ಯಂತ್ರದ ಮುಚ್ಚಳ ಮುಚ್ಚಿದವರನ್ನು ಮತ್ತೆ ಕೆಲಸಕ್ಕೆ ಕರೆಯಕೂಡದು ಎಂಬ ಕಾಯ್ದೆ ಬಂದ ಮೇಲೆ, ಸಂಜೆಯಾದರೆ ಸಾಕು, ವಿಮಾ ಕಚೇರಿಯ ತುಂಬ ಲ್ಯಾಪ್‌ಟಾಪುಗಳನ್ನು ಟಪಟಪನೆ ಮುಚ್ಚುವ ಸದ್ದು. ಗುಮಾಸ್ತೆ ಶಕುಂತಲಾ ಹಂಚಿನಮನಿಗೆ ಆ ಸದ್ದೆಂದರೆ ಜೀವ. ಸಂಜೆಯ ಮೇಲೆ ಕೆಲಸಕ್ಕೆ ಯಾರೂ ಸಿಗದೆ ಕಂಪನಿ ಉಪಾಯ ಹೂಡಿತು. ಎಲ್ಲರ ಲ್ಯಾಪ್‌ಟಾಪು ಕಿತ್ತುಕೊಂಡು, ಪೇಢೆ ಹಂಚಿ, ಒಂದೊಂದು ಟ್ಯಾಬ್ಲೆಟ್ ಕೈಗಿಟ್ಟಿತು. ಹಗುರ, ಚೆಂದ, ಮುಚ್ಚಳವೇ ಇಲ್ಲ. ಅಂದಿನಿಂದ ಯಾರ ಕೆಲಸವೂ ಮುಗಿದಿಲ್ಲ.

ಇವತ್ತು ಅವಳು ರೊಟ್ಟಿ ತಟ್ಟುತ್ತಿದ್ದಾಗ, ಉಪ್ಪಿನ ಡಬ್ಬಿಗೆ ಆನಿಸಿಟ್ಟ ಟ್ಯಾಬ್ಲೆಟ್ಟಿನಲ್ಲಿ ಮ್ಯಾನೇಜರ್ ಇಟಗಿಯವರ ಮುಖ ಮೂಡಿತು.

"ಶಕುಂತಲಾ ಅವರ, ಆ ಕ್ಲೇಮಿನ ಫೈಲ್ ಈಗ ಕಳಸ್ರಿ."

"ಸರ್, ಹಂಚಿನ ಮ್ಯಾಲೆ ರೊಟ್ಟಿ ಐತಿ. ಊಟದ ಹೊತ್ತಿನ್ಯಾಗೂ ಬಿಡೂದಿಲ್ಲೇನು?"

"ನೀವು ಇನ್ನೂ ಮುಚ್ಚಿಲ್ಲಲ್ರಿ. ಕಾಯ್ದೆ ಪ್ರಕಾರ ಆಫೀಸಿನ್ಯಾಗ ಅದೀರಿ."

ಅವಳ ಪಿತ್ತ ನೆತ್ತಿಗೇರಿತು. ಟ್ಯಾಬ್ಲೆಟ್ಟನ್ನು ಕಟ್ಟೆಯ ಮೇಲೆ ಅಂಗಾತ ಕೆಡವಿ, ಹಿಟ್ಟಿನ ಕೈಯಲ್ಲೇ ಸಾರಿನ ಪಾತ್ರೆಯ ಮುಚ್ಚಳ ಎತ್ತಿ, ಅದರ ಮೇಲೆ ಧಡ್ಡೆಂದು ಬಡಿದಳು. ಗೂಡಿನಲ್ಲಿದ್ದ ಭಾಂಡೆಗಳೆಲ್ಲ ಅದುರಿದವು.

"ತಗೋರಿ, ಮುಚ್ಚೇನಿ! ಇಂಥಾದ್ದೇ ಮುಚ್ಚಳ ಆಗಬೇಕಂತ ಕಾಯ್ದೆದಾಗ ಎಲ್ಲೂ ಬರದಿಲ್ಲ!"

ಅವಳು ಸೀದುಹೋದ ರೊಟ್ಟಿಯನ್ನು ಸಿಟ್ಟಿನಲ್ಲೇ ತಿರುವಿ ಹಾಕಿದಳು. ಮುಚ್ಚಳದ ಅಡಿಯಿಂದ ಇಟಗಿಯವರ ದನಿ ಮೆಲ್ಲಗೆ ಬಂತು.

"ಕೆಲಸಕ್ಕ ಕರಿಯಾಕತ್ತಿಲ್ರಿ. ನನ್ನೂ ಮ್ಯಾಲಿನವರು ಹಿಂಗ ಕಾಡ್ತಾರ. ಅಂಥಾ ಮುಚ್ಚಳ ಎಲ್ಲಿ ಸಿಗತೈತ್ರಿ?"

"ಲಗ್ನಾಗಿ ಇಷ್ಟು ವರ್ಷ ಆತು, ನಿಮ್ಮನಿ ಅಡಿಗಿಮನ್ಯಾಗ ಒಮ್ಮೆರ ಕಾಲಿಟ್ಟಿದ್ರ ಗೊತ್ತಿರತಿತ್ತು, ಸರ್!"