ಟೀವಿಯ ಮೇಲಿನ ಶಾಲು

ತಪ್ಪು ಮಾಡಿದವರೇ ಬಂದು ಕೋಣೆಯ ನಡುವಿನ ಗಾಜಿನ ಫಲಕದ ಮೇಲೆ ಅಂಗೈ ಇಡುವವರೆಗೆ, ನಿಂತುಹೋದ ನಮ್ಮ ಕಂಪ್ಯೂಟರುಗಳು ಮತ್ತೆ ಶುರುವಾಗುವುದಿಲ್ಲ. ಬೇರೆಯವರ ಕೈ ನಡೆಯುವುದಿಲ್ಲ. ಹುಬ್ಬಳ್ಳಿಯ ನಮ್ಮ ಕಚೇರಿಯಲ್ಲಿ ಮೂರನೇ ಮಹಡಿಯವರು ಕೆಲಸ ನಿಂತು ಹಿಂದಿನ ದಿನದಿಂದ ಒಬ್ಬರನ್ನೊಬ್ಬರು ದೂರುತ್ತ ಕೂತಿದ್ದರು.

ಅವತ್ತು ಬೆಳಿಗ್ಗೆ ನಮ್ಮ ಕೆಲಸವೂ ನಿಂತಿತು. ನಮ್ಮ ಕಂಪ್ಯೂಟರುಗಳನ್ನೇ ನಂಬಿದ್ದ ಆಸ್ಪತ್ರೆಗಳಲ್ಲಿ ಔಷಧಕ್ಕೆ ಬಂದವರು ಸಾಲಿನಲ್ಲೇ ಉಳಿದರು. ತಪ್ಪು ನನ್ನದು. ಮಧ್ಯಾಹ್ನ ನನ್ನ ಬಡ್ತಿಯ ಸಂದರ್ಶನವಿತ್ತು. ಗೊತ್ತಾದರೆ ಯಾರು ಬಡ್ತಿ ಕೊಡುತ್ತಾರೆ?

ತಂಡದ ಮುಖ್ಯಸ್ಥೆ ನೀಲಾಂಬಿಕಾ ಮೇಡಂ ಎದ್ದರು. ಬೇಸಿಗೆಯಲ್ಲೂ ಹೊದೆಯುವ ಶಾಲನ್ನು ಎಂದಿನಂತೆ ತೆಗೆದು, ಗೋಡೆಯ ಮೇಲೆ ಆರಿದ್ದ ದೊಡ್ಡ ಟೀವಿಯ ಮೇಲೆ ಹಾಕಿದರು.

“ನಾ ಕೆಲಸಕ್ಕ ಸೇರಿದ ವಾರದಾಗ ಇಡೀ ಊರಿನ ಬಸ್ಸಿನ ಟೈಮ್ ಅಳಿಸಿ ಹಾಕಿದ್ದೆ. ನಮ್ಮವ್ವನೂ ನಡಕೋತ ಮನಿಗೆ ಬಂದಿದ್ಲು.” ಎಲ್ಲರೂ ನಕ್ಕೆವು. “ಯಾರಂತ ನಾ ಕೇಳಂಗಿಲ್ಲ. ಎಲ್ಲಾರೂ ಟೀವಿ ಕಡೆ ಮಾರಿ ಮಾಡಿ ನಿಂದರ್ರಿ.”

ಎಲ್ಲರೂ ತಿರುಗಿದರು. ನಾನು ಮೆಲ್ಲಗೆ ಹಿಂದೆ ಸರಿದು ಗಾಜಿನ ಮೇಲೆ ಅಂಗೈ ಇಟ್ಟೆ. ಹಸಿರು ದೀಪ ಹತ್ತಿತು. ನಾನು ಮರಳಿ ಸಾಲು ಸೇರುವವರೆಗೂ ಒಬ್ಬರೂ ಹೊರಳಿ ನೋಡಲಿಲ್ಲ.

“ನಿಮ್ಮ ಕಂಪ್ಯೂಟರ್ ಎರಡೇ ನಿಮಿಷದಾಗ ಶುರುವಾದ್ವು! ನಿಮ್ಮ ಮೇಡಂ ಏನ್ ಮಾಡ್ತಾರ್ರೀ?” ಎಂದು ಮಧ್ಯಾಹ್ನ ಸಂದರ್ಶನ ಮಾಡಿದವರು ಕೇಳಿದರು.

“ತಮ್ಮ ತಪ್ಪಿನ ಕಥಿ ಹೇಳ್ತಾರ್ರೀ,” ಎಂದೆ. ಬಡ್ತಿ ಸಿಕ್ಕಿತು.

ನನ್ನದೇ ತಂಡದಲ್ಲಿ ಮೊದಲ ಸಲ ಕೆಲಸ ನಿಂತಾಗ, ನನ್ನ ತಪ್ಪಿನ ಕಥೆ ಹೇಳಿ, ಎಲ್ಲರ ಜೊತೆ ನಾನೂ ಟೀವಿಯ ಕಡೆ ತಿರುಗಿದೆ. ಅದರ ಕಪ್ಪು ಗಾಜಿನಲ್ಲಿ ಹಿಂದಿನ ಇಡೀ ಕೋಣೆ ನಿಚ್ಚಳವಾಗಿ ಕಾಣುತ್ತಿತ್ತು.

ಮೇಡಂ ಬೇಸಿಗೆಯಲ್ಲೂ ಶಾಲು ಯಾಕೆ ತರುತ್ತಿದ್ದರೆಂದು ಆಗ ತಿಳಿಯಿತು. ಸ್ವೆಟರ್ ಬಿಚ್ಚಿ ಟೀವಿಗೆ ಹೊದಿಸಿದೆ.