ವೀರಗಲ್ಲಿನ ಮೀಸೆ

ಊರಿನ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದ ಕಳ್ಳರನ್ನು ಒಬ್ಬನೇ ತಡೆದು ಸತ್ತ ಮಾರನಿಗಾಗಿ ಆಚಾರಿ ವೀರಗಲ್ಲು ಕೆತ್ತುತ್ತಿದ್ದ. ಕತ್ತಿ, ಗುರಾಣಿ ಮುಗಿದಿದ್ದವು. ಬದುಕಿದ್ದಾಗ ಮಾರನಿಗೆ ಮೂಡದೇ ಹೋದ ಮೀಸೆಯನ್ನೂ ಕಲ್ಲಿನಲ್ಲಿ ಕೊಟ್ಟಿದ್ದ. ಅಷ್ಟರಲ್ಲಿ ಗೌಡ ಬುಸುಗುಡುತ್ತ ಬಂದ. ಹೆಣ ತೊಳೆದವರು ಕೊನೆಗೂ ಗುಟ್ಟು ಬಿಟ್ಟುಕೊಟ್ಟಿದ್ದರು. ಮಾರನದು ಹೆಣ್ಣಿನ ಮೈ.

“ಇಪ್ಪತ್ತು ವರ್ಷ ಗಂಡಸ್ರ ಸಾಲಲ್ಲಿ ಕೂತು ಉಂಡಳಲ್ಲೋ, ಲಜ್ಜೆಗೆಟ್ಟೋಳು. ಆ ಮೀಸೆ ಕೆತ್ತಿ ತೆಗಿ. ಸೀರೆ ಉಡಿಸು.”

“ಮಾರ ಸೀರೆ ಉಟ್ಟಿದ್ದನ್ನ ನಾನಂತೂ ಕಾಣೆ, ಗೌಡ್ರೇ.”

“ಎದುರು ಮಾತಾಡ್ತೀಯಾ? ಹೇಳಿದಷ್ಟು ಮಾಡು. ಇಲ್ಲಾಂದ್ರೆ ಈ ಕಲ್ಲನ್ನ ಬಚ್ಚಲಿಗೆ ಹಾಕಿಸ್ತೀನಿ.”

ಆಚಾರಿ ಗೆಳೆಯನ ಕಲ್ಲುಮುಖವನ್ನೊಮ್ಮೆ ಸವರಿದ. ಮೀಸೆಗೆ ಉಳಿ ಇಟ್ಟು ಸುತ್ತಿಗೆ ಎತ್ತಿದ.

“ಆಗಲಿ ಗೌಡ್ರೇ. ನಾಳೆ ದಾರೀಲಿ ಹೋಗೋರು ಇದನ್ನ ನೋಡಿ, ‘ಈ ಊರಿನ ದನ ಬಿಡಿಸೋಕೆ ಹೆಂಗಸು ಹೋಗಿದ್ಲಾ? ಗಂಡಸ್ರೆಲ್ಲ ಎಲ್ಲಿದ್ರು?’ ಅಂತ ಕೇಳ್ತಾರೆ. ಏನಂತ ಹೇಳೋದು?”

ಕಳ್ಳರು ಬಂದ ದಿನ ನೆಲದಡಿಯ ಜೋಳದ ಹಗೇವಿನೊಳಗೆ ಅಡಗಿ ಕೂತಿದ್ದ ಗೌಡ ಅತ್ತಿತ್ತ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ:

“ಮೀಸೆ ಸಣ್ಣದಾಯ್ತು ಕಣೋ. ಹುರಿಮೀಸೆ ಮಾಡು.”